ತಳದ ಪ್ಲೇಟು ಐದು ಕೆಜಿ, ಒಳಗಿನ ಮಣ್ಣು ಮೂವತ್ತೊಂದು

ಭಾನುವಾರ ಸಂಜೆ ಕಾಕಾನ ಗಾಣದಲ್ಲಿ ಬೆಲ್ಲ ತೂಗುವ ಕಾಟಾದ ಮೇಲೆ ಮಣ್ಣು ತೂಗಿದೆ. ನನ್ನ ಎಟಿವಿಯ (ಹೊಲ, ಕಲ್ಲುದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) ಸ್ಕಿಡ್ ಪ್ಲೇಟ್, ಅಂದರೆ ಎಂಜಿನ್ನಿಗೆ ಕಲ್ಲು ಬಡಿಯದಂತೆ ತಳಕ್ಕೆ ಹಾಕುವ ತಗಡು, ಬಿಚ್ಚಿ, ಒಳಗೆ ಕಚ್ಚಿಕೊಂಡಿದ್ದನ್ನೆಲ್ಲ ಕುರ್ಪಿಯಿಂದ ಕೆರೆದು ಗೊಬ್ಬರದ ಚೀಲಕ್ಕೆ ತುಂಬಿದ್ದೆ. 31 ಕೆಜಿ ಬಂತು. ಪ್ಲೇಟಿನ ತೂಕವೇ 5 ಕೆಜಿ ಇಲ್ಲ!

ಕಾಕಾ ಕಾಟಾ ನೋಡಿ ನಕ್ಕ. "ತಮ್ಮಾ, ಮೂರ ಪೆಂಟಿ ಬೆಲ್ಲದ ತೂಕ ಹೊಟ್ಟ್ಯಾಗ ಇಟಗೊಂಡ ಓಡಾಕತ್ತೇತಲ್ಲೋ ನಿನ್ನ ಗಾಡಿ."

ನಗುವ ಸರದಿ ಅವನದು, ಬಿಡಿ. ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಶತ್ರು ಆ ಚೀಲದಲ್ಲಿ ಕೂತಿತ್ತು.

ಹಿಂದಿನ ಕಥೆ ಬೇಗ ಮುಗಿಸುತ್ತೇನೆ. ಗಾಡಿ ಹಳೆಯ 400 ಸಿಸಿ. ಮುಧೋಳದ ಹತ್ತಿರ ನಮ್ಮ ಕಬ್ಬಿನ ಹೊಲ, ಅದರಾಚೆ ದಾಳಿಂಬೆ ತೋಟ, ಇವೆರಡರ ನಡುವೆ ಓಡಾಟ. ಕಂಪನಿಯಿಂದ ಬಂದ ತಳದ ಪ್ಲಾಸ್ಟಿಕ್ಕು ಲೋಕಾಪುರದ ಕಡೆ ಒಮ್ಮೆ ಸುಣ್ಣದ ಕಲ್ಲಿನ ಮೇಲೆ ಕೂತು ಸೀಳಿತು. ಹೋದ ಡಿಸೆಂಬರ್‌ನಲ್ಲಿ 10 ಮಿ.ಮೀ. ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಶೀಟ್ ಹಾಕಿದೆ. ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತೆ, ಸದ್ದಿಲ್ಲ, ತೂಕ ಮೂರೂವರೆ ಕೆಜಿ. ಖುಷಿಯಲ್ಲಿ ಎಲ್ಲ ಬೋಲ್ಟ್ ಬಿಗಿಯಾಗಿ ಎಳೆದೆ. ಏಪ್ರಿಲ್‌ನಲ್ಲಿ ನೋಡಿದರೆ ಪ್ಲೇಟು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಎದ್ದಿದೆ. ತಪ್ಪು ನನ್ನದೇ. 900 ಮಿ.ಮೀ. ಉದ್ದದ ಈ ಪ್ಲಾಸ್ಟಿಕ್ಕು ಚಳಿಯಿಂದ ಬಿಸಿಲಿಗೆ ಬರುವಷ್ಟರಲ್ಲಿ ನಾಲ್ಕು ಮಿ.ಮೀ. ಮೇಲೆಯೇ ಬೆಳೆಯುತ್ತೆ. ಅಲ್ಯೂಮಿನಿಯಂ ಒಂದು ಮಿ.ಮೀ. ಕೂಡ ಬೆಳೆಯಲ್ಲ. ದುಂಡನೆಯ ತೂತಿನ ಬದಲು ಉದ್ದ ತೂತು ಹಾಕಿ, ಬುಶ್ (ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆ) ಕೊಟ್ಟು, ಬೋಲ್ಟನ್ನು ಸ್ವಲ್ಪ ಸಡಿಲ ಬಿಡಬೇಕಿತ್ತು. ಅಷ್ಟು ತಾಳ್ಮೆ ಇದ್ದಿದ್ದರೆ ನಾನು ಕೇರಂ ಆಡ್ತಿದ್ದೆ.

ಹಾಗಾಗಿ 5 ಮಿ.ಮೀ. ಅಲ್ಯೂಮಿನಿಯಂ. ಇದಕ್ಕಾಗಿ ನೂರು ಕಿಲೋಮೀಟರಿಗೂ ಜಾಸ್ತಿ ದೂರದ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಎರಡು ಸಲ ಹೋಗಿ ಬಂದೆ. ಎರಡು ಸಲ ಯಾಕೆ ಅಂದರೆ, ಮೊದಲ ಸಲ 5052 ಕೇಳಿದೆ, ಅದು ಸುಲಭವಾಗಿ ಬಗ್ಗುವ ಒಂದು ಜಾತಿಯ ಅಲ್ಯೂಮಿನಿಯಂನ ನಂಬರ್. ಅಂಗಡಿಯವನು ಒಳಗಿಂದ ಒಂದು ತಗಡು ಎಳೆದು ತಂದ. ನಂಬರ್ ಎಲ್ಲಿದೆ ಅಂದಿದ್ದಕ್ಕೆ, "ಸರ, ಅಲ್ಯೂಮಿನಿಯಂ ಅಂದ್ರ ಅಲ್ಯೂಮಿನಿಯಂರಿ, ಅದರಾಗ ಎಂಥಾ ನಂಬರ?" ಅಂದ. ನಾನೂ ಸುಮ್ನೆ ದುಡ್ಡು ಕೊಟ್ಟೆ. ತಗಡು ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರದಲ್ಲಿ ಪ್ಲೇಟಿನ ಮುಂದಿನ ಮೂತಿ ಬಗ್ಗಿಸಲು ಇಟ್ಟಾಗ ಮೂವತ್ತೈದು ಡಿಗ್ರಿ ಕೂಡ ಆಗಿರಲಿಲ್ಲ, ಚಟ್ ಅಂತ ಸದ್ದು. ಬೆಂಡಿನ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು, ಈ ತುದಿಯಿಂದ ಆ ತುದಿಗೆ. 6061-ಟಿ6 ಇರಬೇಕು ಅಂತ ನನ್ನ ಅನುಮಾನ. ಆ ಜಾತಿಯನ್ನು ಬಿಗಿಯಾಗಿ ಬಗ್ಗಿಸಿದರೆ ಹೀಗೇ ಒಡೆಯೋದು. 5052-ಎಚ್32 ಆದರೆ ಹೇಳಿದ ಮಾತು ಕೇಳುತ್ತೆ. ಎರಡನೇ ಸಲ ಬೇರೆ ಅಂಗಡಿ, ಶೀಟಿನ ಮೇಲೆ ಅಚ್ಚಾದ ನಂಬರ್ ನೋಡಿ ತಂದೆ. 3 ಮಿ.ಮೀ. ಕಬ್ಬಿಣದ ತಗಡು ಹಾಕಿದ್ದರೆ ಖರ್ಚು ಕಡಿಮೆಯಾಗ್ತಿತ್ತು, ಆದರೆ ಎಂಟೂವರೆ ಕೆಜಿ. ತೂಕ ಜಾಸ್ತಿ ಅಂತ ಬೇಡ ಅಂದೆ. ಆಮೇಲೆ 31 ಕೆಜಿ ಮಣ್ಣು ಹೊತ್ತು ತಿರುಗಿದೆ ಅನ್ನೋದು ಬೇರೆ ಮಾತು.

ಈಗ ಆ ಮಣ್ಣಿನ ವಿಷಯ.

ಮಸಾರಿ (ಕೆಂಪು ಮಣ್ಣಿನ) ಭೂಮಿಯವರಿಗೆ ಇದು ಅರ್ಥವಾಗಲ್ಲ. ಎರೆಮಣ್ಣು ಹಸಿ ಇದ್ದಾಗ ಉಬ್ಬಿ ಅಂಟಿಕೊಳ್ಳುತ್ತೆ, ಒಣಗಿದರೆ ಇಟ್ಟಿಗೆ. ಅದರ ಜೊತೆ ಕಬ್ಬಿನ ರವದಿ (ಒಣಗಿದ ಸೋಗೆ) ಸೇರಿದರೆ ಹುಲ್ಲು ಹಾಕಿ ಕಲಸಿದ ಗೋಡೆಯ ಮಣ್ಣೇ. ನನ್ನ ಪ್ಲೇಟು ಅದಕ್ಕೆ ಹೇಳಿ ಮಾಡಿಸಿದ ಬಾಂಡ್ಲಿ ಆಗಿತ್ತು. ಮೊದಲು ಗೊತ್ತಾಗಿದ್ದು ಎಂಜಿನ್ ಬಿಸಿಯಾಗುವುದರಿಂದ. ಫ್ಯಾನು ನಿಲ್ಲುತ್ತಲೇ ಇರಲಿಲ್ಲ. ರೇಡಿಯೇಟರ್ ತೊಳೆದೆ, ಕೂಲಂಟ್ ಬದಲಿಸಿದೆ, ಥರ್ಮೋಸ್ಟಾಟ್ ಬಿಸಿನೀರಲ್ಲಿ ಹಾಕಿ ನೋಡಿದೆ. ಎಲ್ಲ ಸರಿ ಇತ್ತು.

ಆಮೇಲೆ ಒಂದು ದಿನ ಮಧ್ಯಾಹ್ನ ರವದಿ ಸುಡುವ ವಾಸನೆ ಬಂತು. ಕಬ್ಬು ಕಡಿದ ಮೇಲೆ ನಮ್ಮ ಕಡೆ ರವದಿಗೆ ಬೆಂಕಿ ಹಚ್ಚುವುದು ಮಾಮೂಲು. ಪಕ್ಕದ ಹೊಲದವರು ಹಚ್ಚಿದ್ದಾರೆ ಅಂದುಕೊಂಡು, ಅವರಿಗೆ ಮನಸ್ಸಿನಲ್ಲೇ ಬೈಯುತ್ತ ಇನ್ನೂ ಅರ್ಧ ಕಿಲೋಮೀಟರ್ ಓಡಿಸಿದೆ. ಬದುವಿನ ಮೇಲೆ ನಿಂತು ತಿರುಗಿ ನೋಡಿದೆ. ಎಲ್ಲೂ ಹೊಗೆ ಇಲ್ಲ. ಹೊಗೆ ನನ್ನ ಸೀಟಿನ ಕೆಳಗಿಂದ ಬರ್ತಿತ್ತು.

ಸೈಲೆನ್ಸರ್ ಪೈಪಿಗೆ ತಾಗಿ ಒಂದು ಹಿಡಿ ರವದಿ ಕೆಂಪಗೆ ಹೊಗೆಯಾಡುತ್ತಿತ್ತು. ಕುಡಿಯುವ ನೀರಿನ ಬಾಟಲಿ ಪೂರ್ತಿ ಸುರಿದೆ. ಪೆಟ್ರೋಲ್ ಪೈಪು ಅಲ್ಲಿಂದ ಎಷ್ಟು ದೂರ ಅಂತ ಆಮೇಲೆ ಅಳೆಯಲು ಹೋಗಲಿಲ್ಲ, ಧೈರ್ಯ ಇರಲಿಲ್ಲ.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ತೂತು ಹಾಕು, ಮಣ್ಣು ಬೀಳಲಿ. 50 ಮಿ.ಮೀ. ಹೋಲ್‌ಸಾ ಹಿಡಿದು ಎಂಟು ತೂತು ಕೊರೆದೆ. ಮಣ್ಣು ಬೀಳಲಿಲ್ಲ, ಕೆಳಗಿಂದಲೂ ಒಳಗೆ ಬಂತು! ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರುವ) ಕಬ್ಬಿನ ಹೊಲದಲ್ಲಿ ಓಡಿಸಿದಾಗ ಒಂದು ಮೋಟು ನೇರ ತೂತಿನೊಳಗೆ ನುಗ್ಗಿ ಆಯಿಲ್ ಫಿಲ್ಟರಿಗೆ ಎರಡು ಬೆರಳು ದೂರದಲ್ಲಿ ಮುರಿದು ನಿಂತಿತ್ತು. ಓರೆಯಾಗಿ ಕಡಿದ ಕಬ್ಬಿನ ಮೋಟು ಅಂದರೆ ಭರ್ಚಿ. ಆಯಿಲ್ ಡ್ರೇನ್ ತೂತು ಒಂದನ್ನು ಬಿಟ್ಟು ಎಲ್ಲ ಮುಚ್ಚಿದೆ.

ಎರಡನೇ ಉಪಾಯ ಉಲ್ಟಾ: ಏನೂ ಒಳಗೆ ಬರದಂತೆ ಸುತ್ತ ಫೋಮ್ ಅಂಟಿಸಿದೆ. ಎರಡೇ ದಿನಕ್ಕೆ ಫೋಮ್ ನೀರು ಕುಡಿದು, ಮಣ್ಣು ತಿಂದು, ಕೆರೆಯ ವಾಸನೆ ಹೊಡೆಯತೊಡಗಿತು. ನಮ್ಮ ಮುಧೋಳ ನಾಯಿ ಗಾಡಿಯ ಹತ್ತಿರ ಬಂದು ಮೂಸಿ ಗೌರವದಿಂದ ದೂರ ಹೋಯಿತು.

ಮೂರನೆಯದು ಉಪಾಯ ಅಲ್ಲ, ಪತ್ತೇದಾರಿ. ಪ್ಲೇಟಿನ ಒಳಮೈಗೆ ಪೂರ್ತಿ ಸುಣ್ಣ ಬಳಿದೆ. ಒಣಗಿದ ಮೇಲೆ ನೀರು ಹಾಯಿಸಿದ ಹೊಲದಲ್ಲಿ ಸರಿಯಾಗಿ ಹತ್ತು ನಿಮಿಷ ಓಡಿಸಿ, ಬಿಚ್ಚಿ, ಮಗುಚಿ ನೋಡಿದೆ. ಮಣ್ಣು ಎಲ್ಲಿ ಉಜ್ಜಿಕೊಂಡು ಹೋಗಿದೆಯೋ ಅಲ್ಲಿ ಸುಣ್ಣ ಹೋಗಿತ್ತು. ಮುಂದಿನ ಅಂಚಿನಲ್ಲಿ ಸುಣ್ಣ ಬೆಳ್ಳಗೆ ಹಾಗೇ ಇದೆ, ಅಲ್ಲಿಂದ ಏನೂ ಬಂದಿಲ್ಲ. ಎಡಕ್ಕೂ ಬಲಕ್ಕೂ ಕಾಲಿಡುವ ಜಾಗದ ಕೆಳಗಿಂದ ಎರಡು ಕಪ್ಪು ಪಟ್ಟೆ, ಓರೆಯಾಗಿ ಹಿಂದಕ್ಕೆ. ಮುಂದಿನ ಟೈರುಗಳು ಎಸೆದ ಕೆಸರು ಪಕ್ಕದ ಸಂದಿಯಿಂದ ಇಳಿದು, ಹಿಂದಕ್ಕೆ ಜಾರಿ, ಹೊರಗೆ ಹೋಗಲು ನೋಡಿದೆ. ಹೋಗೋಕೆ ಆಗಿಲ್ಲ. ಹಿಂದಿನ ಅಂಚಿನಲ್ಲಿ 25 ಮಿ.ಮೀ. ಎತ್ತರದ ಕಟ್ಟೆ ಇತ್ತು.

ಆ ಕಟ್ಟೆ ಯಾರು ಮಾಡಿಸಿದ್ದು ಗೊತ್ತಾ? ನಾನೇ. "ಹಿಂದ ಒಂದ ಇಂಚ ಮ್ಯಾಲ ಮಡಚರಿ, ಗಟ್ಟಿ ಬರ್ತೇತಿ" ಅಂತ ಉದ್ಯಮಬಾಗದಲ್ಲಿ ಬೆಂಡಿಂಗಿನವನ ತಲೆ ತಿಂದು ಮಾಡಿಸಿದ್ದೆ. ಅವನು ಬೇಡ ಅಂದಿದ್ದ ಕೂಡ. ಘಟಪ್ರಭೆಗೆ ಬಾಂದಾರ ಕಟ್ಟಿದ ಹಾಗೆ ನಾನು ಗಾಡಿಯ ಹೊಟ್ಟೆಗೆ ಬಾಂದಾರ ಕಟ್ಟಿದ್ದೆ.

ಗ್ರೈಂಡರ್ ಹಿಡಿದು ಅದನ್ನು ಕತ್ತರಿಸಲು ಇಪ್ಪತ್ತು ನಿಮಿಷ. ಕಟ್ಟೆ ಹೋದ ಮೇಲೆ ಪ್ಲೇಟು ತಮಟೆಯಂತೆ ಬಡಿಯತೊಡಗಿತು. ಅದಕ್ಕೆ ಒಳಗೆ ಎರಡು ಆಂಗಲ್ ಪಟ್ಟಿ ಹಾಕಿದೆ, ಈ ಸಲ ಅಡ್ಡ ಅಲ್ಲ, ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ. ಮಣ್ಣಿಗೆ ಕಾಲುವೆ ಆಯ್ತು, ಪ್ಲೇಟಿಗೆ ಬೆನ್ನೆಲುಬು ಆಯ್ತು. ಪಕ್ಕದ ಸಂದಿಗೆ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರು ಕತ್ತರಿಸಿ ಪರದೆ ಬಿಟ್ಟೆ. ಮುಂದೆ ಎರಡು ಕೊಕ್ಕೆ, ಹಿಂದೆ ಎರಡೇ ಬೋಲ್ಟು. 13ರ ಪಾನಾ ಹಿಡಿದರೆ ಎರಡು ನಿಮಿಷದಲ್ಲಿ ಪ್ಲೇಟು ಕೆಳಗೆ ಜೋತಾಡುತ್ತೆ. ಬೋಲ್ಟಿನ ಕೆಳಗೆ ನೈಲಾನ್ ವಾಶರ್ ಮರೆಯಬೇಡಿ. ಹಸಿ ಮಣ್ಣಿನಲ್ಲಿ ಕಬ್ಬಿಣ ತಾಗಿದ ಜಾಗದಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗಿ ಉದುರುತ್ತೆ, ನನ್ನ ಎರಡು ತೂತು ಈಗಾಗಲೇ ಹಾಗೆ ದೊಡ್ಡದಾಗಿವೆ.

ಹಪ್ಪಳವಾದ ಎಚ್‌ಡಿಪಿಇ ಬಿಸಾಕಿಲ್ಲ. ಕತ್ತರಿಸಿ ಎ-ಆರ್ಮ್ (ಚಕ್ರವನ್ನು ಫ್ರೇಮಿಗೆ ಹಿಡಿಯುವ ತೋಳು) ಗಾರ್ಡ್ ಮಾಡಿದೆ. ತುಂಡು ಚಿಕ್ಕದಾದರೆ ಹಿಗ್ಗುವುದೂ ಚಿಕ್ಕದೇ. ಸಿವಿ ಬೂಟ್ (ಆಕ್ಸಲ್ ಕೀಲಿನ ಮೇಲಿನ ರಬ್ಬರ್ ಮುಸುಕು) ಹರಿಯುವುದು ಅದರಿಂದ ನಿಂತಿದೆ.

ಇನ್ನು ಮುಂದಿನ ಬಂಪರ್ ವಿಷಯ: ಆನ್‌ಲೈನ್‌ನಲ್ಲಿ ತರಿಸಿದ್ದನ್ನು ವಾಪಸ್ ಕಳಿಸಿದೆ. ಫೋಟೋದಲ್ಲಿ ಗೂಳಿ, ಕೈಗೆ ಬಂದಾಗ ಕರು. ಪೈಪಿನ ದಪ್ಪ ಒಂದೂವರೆ ಮಿ.ಮೀ., ಹಿಡಿಯುವ ಕ್ಲಾಂಪು ಫ್ರೇಮಿಗಲ್ಲ, ಮುಂದಿನ ರ‍್ಯಾಕಿನ ತೆಳು ಕಡ್ಡಿಗೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಬಂಪರನ್ನೇ ಸಣ್ಣ ಮಾಡಿ ಕೊಡ್ತೀನಿ ಅಂದರು. ಅದು ಕಲ್ಲಿಗೆ ಬಡಿದರೆ ಬಂಪರ್ ಹಾಗೇ ಇರುತ್ತೆ, ಫ್ರೇಮು ಡೊಂಕಾಗುತ್ತೆ. ಬಂಪರ್ ಮೊದಲು ಬಗ್ಗಬೇಕು, ಅದಕ್ಕೇ ಅಲ್ವಾ ಅದು ಇರೋದು? ಕೊನೆಗೆ ಒಂದೂವರೆ ಇಂಚಿನ ಪೈಪು, 2.5 ಮಿ.ಮೀ. ದಪ್ಪ, ಫ್ರೇಮಿಗೆ 8.8 ಗ್ರೇಡಿನ (ಗಟ್ಟಿ ಉಕ್ಕಿನ) ನಾಲ್ಕು ಬೋಲ್ಟು. ರೇಡಿಯೇಟರ್ ಮುಂದೆ ಜಾಳಿ ಹಾಕಿಸಲಿಲ್ಲ, ರವದಿ ಹಿಡಿಯುವ ಬಲೆ ಇನ್ನೊಂದು ಬೇಡ. ಕೆಳಗಿನ ಪೈಪು ಮಾತ್ರ ಪ್ಲೇಟಿನ ಮೂತಿಗಿಂತ ಒಂದು ಬೆರಳು ಕೆಳಗೆ ಬರುವಂತೆ ನೋಡಿಕೊಂಡೆ, ಕುಳೆಯ ಮೋಟು ಮೊದಲು ಅದಕ್ಕೇ ತಾಗಲಿ ಅಂತ.

ಈ ನಡುವೆ ದಾಳಿಂಬೆಗೆ ಔಷಧಿ ಹೊಡೆಯಲು ಹಿಂದೆ 100 ಲೀಟರಿನ ಟ್ಯಾಂಕ್ ಕೂರಿಸುವ ಹುಚ್ಚು ಹತ್ತಿದೆ. ನೀರೇ 100 ಕೆಜಿ, ಹಿಂದಿನ ರ‍್ಯಾಕು ತಡೆಯಲ್ಲ. ಹಾಗಾದರೆ ಸಣ್ಣ ಟ್ರೇಲರ್ ಬೇಕು. ಟ್ರೇಲರ್ ಅಂದರೆ ಹಿಂದಿನ ಬಂಪರಿಗೆ ಹುಕ್ ಬೇಕು. ಹಿಂದಿನ ಬಂಪರ್ ಇನ್ನೂ ಮಾಡಿಲ್ಲ. ಗಾಣದ ಹಿಂದೆ ಬಿದ್ದಿರುವ ಹಳೆ ಬೈಕಿನ ಎರಡು ಚಕ್ರದ ಮೇಲೆ ಕಣ್ಣಿದೆ, ಕಾಕಾ ಇನ್ನೂ ಕೊಡ್ತೀನಿ ಅಂದಿಲ್ಲ.

ನಿನ್ನೆ ಅದೇ ಹೊಲ, ಅದೇ ಕೆಸರು, ಪೂರ್ತಿ ಒಂದು ದಿನ ಓಡಿಸಿದೆ. ಸಂಜೆ ಪ್ಲೇಟು ಇಳಿಸಿ, ಕೆರೆದು, ಚೀಲ ಕಾಟಾದ ಮೇಲಿಟ್ಟೆ. ನಾಲ್ಕು ಕೆಜಿ. ಕಾಕಾ ಮತ್ತೊಮ್ಮೆ ನೋಡಿದ. "ಚೀಲದ ತೂಕ ಕಳದಿ ಏನ?" ಅಂದ.