ಗೇಟಿನ ಮುಂದಿನ ಹಳದಿ ಕಲೆ

ಇಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಗೇಟು ತೆರೆದಾಗ, ಎದುರು ಮನೆಯ ಲ್ಯಾಬ್ರಡಾರ್ ನಮ್ಮ ಕಾಂಪೌಂಡಿನ ಹೊರಗಿನ ಎರಡಡಿ ಅಗಲದ ಹುಲ್ಲಿನ ಮೇಲೆ ಬೆನ್ನು ಬಾಗಿಸಿ ಕುಳಿತಿತ್ತು. ಅದರ ಬೆಲ್ಟು ಹಿಡಿದಿದ್ದ ಯಜಮಾನರು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು.

"ಸಾರ್, ಇದು ನಾವು ಬೆಳೆಸಿದ ಹುಲ್ಲು" ಎಂದೆ.

"ಕಾಂಪೌಂಡಿನ ಹೊರಗಿರುವುದು ಕಾರ್ಪೊರೇಷನ್ ಜಾಗ ಅಲ್ಲವೇ ಮೇಡಂ?" ಎಂದರು. ಮಾತು ನಿಜವಾಗಿದ್ದುದರಿಂದಲೇ ನನ್ನ ಕೋಪ ಇಮ್ಮಡಿಯಾಯಿತು.

ಮಲವನ್ನಾದರೂ ಹಳೆಯ ಪೇಪರಿನಲ್ಲಿ ಎತ್ತಿ ಹಾಕಬಹುದು, ಆದರೆ ಮೂತ್ರದ ಗುರುತು ವಾರಗಟ್ಟಲೆ ಉಳಿಯುತ್ತದೆ. ಬಗ್ಗಿ ನೋಡಿದರೆ ಹಿಂದಿನ ಯಾವುದೋ ದಿನದ, ಅಂಗೈಯಗಲದ ಒಂದು ವೃತ್ತ: ನಡುವೆ ಒಣಗಿದ ಹಳದಿ, ಅಂಚಿನಲ್ಲಿ ಮಾತ್ರ ಉಳಿದೆಲ್ಲಕ್ಕಿಂತ ಕಡುಹಸಿರು. ಮೂತ್ರದಲ್ಲಿರುವ ಯೂರಿಯಾದ ಸಾರಜನಕ ಒಂದೇ ಕಡೆ ಅತಿಯಾಗಿ ಬಿದ್ದರೆ ಹುಲ್ಲು ಸುಟ್ಟುಹೋಗುತ್ತದೆ, ಅಂಚಿಗೆ ಹರಡಿದ ಸ್ವಲ್ಪವೇ ಗೊಬ್ಬರವಾಗುತ್ತದೆ. ಕೂಡಲೇ ಒಂದು ಬಕೆಟ್ ನೀರು ಸುರಿದಿದ್ದರೆ ಹುಲ್ಲು ಉಳಿಯುತ್ತಿತ್ತು. ನ್ಯೂಯಾರ್ಕಿನಲ್ಲಿ ನಾಯಿಯ ಮಲವನ್ನು ಅದರ ಯಜಮಾನನೇ ಎತ್ತಬೇಕೆಂಬ ಕಾನೂನು 1978ರಲ್ಲೇ ಜಾರಿಗೆ ಬಂತು. ನಮ್ಮ ಬೆಂಗಳೂರಿನ ಬೀದಿಯಲ್ಲಿ ನಾಯಿಗಳನ್ನು ದೂರವಿಡಲು ನಾವಿನ್ನೂ ಗೇಟಿನ ಬಳಿ ಇಡುವ ಬಣ್ಣದ ನೀರಿನ ಬಾಟಲಿಗಳನ್ನು ನಂಬಿಕೊಂಡಿದ್ದೇವೆ. ನಮ್ಮ ಗೇಟಿನ ನೀಲಿ ಬಾಟಲಿಗೆ ಒರಗಿಕೊಂಡೇ ಬೀದಿನಾಯಿಯೊಂದು ದಿನವೂ ಮಧ್ಯಾಹ್ನ ನಿದ್ರಿಸುತ್ತದೆ, ಆ ಮಾತು ಬೇರೆ.

ಸಂಜೆ ಬಕೆಟ್ ಹಿಡಿದು ಹೊರಗೆ ಬಂದಾಗ, ಎದುರು ಮನೆಯ ಗೇಟಿನ ಎರಡೂ ಬದಿಗೆ ಕೆಂಪು ನೀರಿನ ಹೊಸ ಬಾಟಲಿಗಳು ನಿಂತಿರುವುದು ಕಾಣಿಸಿತು.