ಚೀನಾ ಬಲೆ, ಆರನೇ ಕಂತು: ಕಲ್ಲು ಕೊನೆಗೂ ಮಾತು ಕೇಳಿತು

ಫೋರ್ಟ್ ಕೊಚ್ಚಿಯ ಕಡಲಂಚಿನ ಚೀನಾ ಬಲೆಯ, ಅಂದರೆ ದಡದಿಂದಲೇ ಮರದ ತೋಳಿನಲ್ಲಿ ನೀರಿಗಿಳಿಸಿ ಎತ್ತುವ ಮೀನಿನ ಬಲೆಯ, ಪುಟ್ಟ ಮಾದರಿ ಚಿಕ್ಕಬಳ್ಳಾಪುರದ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೊನೆಗೂ ಒಂದೇ ಬೆರಳಿಗೆ ಎದ್ದು, ಬಿಟ್ಟ ಕಡೆ ಬಿಟ್ಟ ಹಾಗೆ ನಿಂತಿತು. ಅಳತೆ 1:40, ಬಲೆ 50 ಸೆಂ.ಮೀ. ಚೌಕ. ಅಟ್ಟಣೆ, ಕಂಬ, ಬಣ್ಣ ಎಲ್ಲರಿಗೂ ಗೊತ್ತಿರುವ ಕೆಲಸವೇ. ಮೂರು ವಾರ ತಿಂದದ್ದು ಬಲೆಯ ಭಾರ ಸರಿದೂಗಿಸಲು ಹಿಂದುಗಡೆ ತೂಗುವ ಕಲ್ಲು, ಬರೀ ಕಲ್ಲು.

ಬಾವಿಯ ನೀರೆತ್ತುವ ಏತ ನೋಡಿದವರಿಗೆ ಈ ಬಲೆಯ ಗುಟ್ಟು ಅರ್ಧ ಗೊತ್ತಿದ್ದ ಹಾಗೆ. ಏತದ ದೂಲದ ಮೇಲೆ ಆಳು ನಡೆದರೆ ತುದಿ ಬಾಗುತ್ತದೆ, ಕೊಚ್ಚಿಯಲ್ಲೂ ಒಬ್ಬ ದೂಲದ ಮೇಲೆ ನಡೆದರೆ ಬಲೆ ನೀರಿಗಿಳಿಯುತ್ತದೆ. ಉಳಿದರ್ಧ ಇರುವುದು ಕಲ್ಲಿನಲ್ಲಿ. ಅಸಲಿ ಬಲೆ 10 ಮೀಟರಿಗೂ ಎತ್ತರ, ಸುಮಾರು 20 ಮೀಟರ್ ಅಗಲ, ನಡೆಸಲು ಆರು ಮಂದಿವರೆಗೆ ಬೇಕು. 30 ಸೆಂ.ಮೀ. ಗಾತ್ರದ ಕಲ್ಲುಗಳು ಬೇರೆ ಬೇರೆ ಉದ್ದದ ಹಗ್ಗಗಳಲ್ಲಿ ನೇತಾಡುತ್ತವೆ. ಫೋಟೋ ನೋಡಿ ಕಟ್ಟುವವರು ಆ ಉದ್ದದ ವ್ಯತ್ಯಾಸವನ್ನು ಅಂದಚಂದಕ್ಕೆ ಅಂದುಕೊಳ್ಳುತ್ತಾರೆ. ನಮ್ಮ ಮೊದಲ ಮಾದರಿಯಲ್ಲೂ ಎಲ್ಲ ಹಗ್ಗ ಸಮ. ಬಲೆ ಕೆಳಗಿದ್ದಾಗ ತಕ್ಕಡಿಯಂತೆ ಸರಿ. ಅರ್ಧ ಎತ್ತುವಷ್ಟರಲ್ಲಿ ಕಲ್ಲಿನ ಕಡೆ ದಢಾರನೆ ಕೆಳಗೆ, ಬಲೆ ಆಕಾಶಕ್ಕೆ, ಅಟ್ಟಣೆಯ ಎರಡು ಹಲಗೆ ಚೂರು.

ಲೆಕ್ಕ ಹಾಕಿದರೆ ಕಾರಣ ಸರಳ. ಬಲೆ ಹೊತ್ತ ಮುಂದಿನ ತೋಳು 45 ಸೆಂ.ಮೀ., ಕಲ್ಲು ತೂಗುವ ಹಿಂದಿನದು 30, ನಡುವಿನ ಕೋನ 100 ಡಿಗ್ರಿ, ಬಲೆ ಮತ್ತು ಕಡ್ಡಿಗಳ ತೂಕ 48 ಗ್ರಾಂ. ತೋಳುಗಳ ಸ್ವಂತ ತೂಕ ಬಿಟ್ಟುಬಿಡಿ. ಬಲೆ ನೀರಿನ ಮಟ್ಟದಲ್ಲಿದ್ದಾಗ ಮುಂದಿನ ತೋಳು 30 ಡಿಗ್ರಿ ಎದ್ದಿರುತ್ತದೆ. ತೋಳುಗಳು ತಿರುಗುವ ಅಚ್ಚಿನಿಂದ ಬಲೆಯ ಭಾರ 39 ಸೆಂ.ಮೀ. ದೂರ, ಕಲ್ಲು ಬರೀ 19 ಸೆಂ.ಮೀ. ದೂರ. ಆಗ 97 ಗ್ರಾಂ ಕಲ್ಲು ಬೇಕು. 65 ಡಿಗ್ರಿಗೆ ಏರಿಸಿದರೆ ಬಲೆ 19 ಸೆಂ.ಮೀ.ಗೆ ಹತ್ತಿರವಾಗುತ್ತದೆ, ಕಲ್ಲು 29ಕ್ಕೆ ದೂರ ಸರಿಯುತ್ತದೆ. ಈಗ ಸಾಕಾಗುವುದು 31 ಗ್ರಾಂ! ಬೇಕಾದ್ದರ ಮೂರು ಪಟ್ಟು ಭಾರ ಹಿಂದೆ ಕೂತಿದ್ದರೆ ಹಲಗೆ ಮುರಿಯದೆ ಇನ್ನೇನು?

ಅದಕ್ಕೇ ಬೇರೆ ಬೇರೆ ಉದ್ದ. ಹಿಂದಿನ ತೋಳು ಇಳಿದಂತೆ ಉದ್ದ ಹಗ್ಗದ ಕಲ್ಲು ಮೊದಲು ಅಟ್ಟಣೆಯ ಮೇಲೆ ಕೂರುತ್ತದೆ, ಆಮೇಲೆ ಮುಂದಿನದು, ಹೀಗೆ ಒಂದೊಂದಾಗಿ ಭಾರ ಕಳಚಿಕೊಳ್ಳುತ್ತದೆ. ನಮ್ಮ ತೋಳಿನ ತುದಿ 23 ಸೆಂ.ಮೀ. ಎತ್ತರದಿಂದ 8ಕ್ಕೆ ಇಳಿಯುತ್ತದೆ. ಕಲ್ಲೂ ಸೇರಿ ಹಗ್ಗದ ಉದ್ದ ಹೀಗೆ ಕೂತಿತು: 21 ಸೆಂ.ಮೀ.ಗೆ 24 ಗ್ರಾಂ, 17ಕ್ಕೆ 20, ಹನ್ನೆರಡೂವರೆಗೆ 15, 9ಕ್ಕೆ 7. ಉಳಿದ 31 ಗ್ರಾಂ 7 ಸೆಂ.ಮೀ. ಹಗ್ಗದಲ್ಲಿ, ಅದು ನೆಲ ಮುಟ್ಟುವುದೇ ಇಲ್ಲ. ಅರ್ಧ ಸೆಂ.ಮೀ. ಹೆಚ್ಚುಕಡಿಮೆಯಾದರೂ ನಡುವೆ ಜರ್ಕ್ ಹೊಡೆಯುತ್ತದೆ. ಶಿಡ್ಲಘಟ್ಟದ ಹುರಿ ರೇಷ್ಮೆ ನೋಡಲು ಸೊಗಸು, ಆದರೆ ಒದ್ದೆಯಾದರೆ ಜಗ್ಗುತ್ತದೆ. ಪಾಲಿಯೆಸ್ಟರ್ ದಾರವೇ ಸೈ.

ಕಲ್ಲಿನ ಗಾತ್ರದ್ದು ಇನ್ನೊಂದು ತಲೆನೋವು. 30 ಸೆಂ.ಮೀ. ಕಲ್ಲು ಈ ಅಳತೆಗೆ ಏಳೂವರೆ ಮಿ.ಮೀ., ಗ್ರಾನೈಟ್ ಆದರೆ ಅರ್ಧ ಗ್ರಾಂ ಚಿಲ್ಲರೆ. 97 ಗ್ರಾಂ ಆಗಲು 160 ಕಲ್ಲು ಕಟ್ಟಬೇಕು. ಸುತ್ತಮುತ್ತ ಇಷ್ಟೊಂದು ಕ್ರಷರ್ ಇದ್ದೂ ಕಲ್ಲಿನಿಂದ ಉಪಯೋಗವಿಲ್ಲ! ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಮೇಲೆ ಫೆವಿಕಾಲ್ ಬಳಿದು ಕ್ರಷರ್ ಪುಡಿ ಉದುರಿಸಿದ್ದಾಯಿತು. ಸೀಸ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯಿರಿ. ಆನ್‌ಲೈನ್ ಅಂಗಡಿಯವನು 20 ಗ್ರಾಮಿನವು ಎಂದು ಕಳಿಸಿದ ಪೊಟ್ಟಣದಲ್ಲಿ 16ರಿಂದ 23ರವರೆಗೆ ಎಲ್ಲವೂ ಇದ್ದವು. ಚಿನ್ನದಂಗಡಿ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಇಷ್ಟಾದ ಮೇಲೆ ನೀರು ತುಂಬಿದರೆ ಎಲ್ಲ ಮತ್ತೆ ಏರುಪೇರು. ಸೊಳ್ಳೆಪರದೆ ಬಟ್ಟೆಯ ಬಲೆ ನೀರನ್ನು ಜೋಳಿಗೆಯ ಹಾಗೆ ಹೊತ್ತುಕೊಂಡೇ ಬಂತು: 48 ಗ್ರಾಂ ಇದ್ದದ್ದು 110. ಬಲೆಯನ್ನು ಕುಗ್ಗಿಸಬಹುದು, ನೀರಿನ ಅಂಟನ್ನು ಕುಗ್ಗಿಸಲು ಬರುವುದಿಲ್ಲ. ಬಲೆಯ ಸಣ್ಣ ಕಣ್ಣಿನಲ್ಲಿ ನೀರು ಪೊರೆ ಕಟ್ಟಿ ಕೂರುತ್ತದೆ. ಪಾತ್ರೆ ಸೋಪು ಎರಡು ಹನಿ ಹಾಕಿದ್ದಕ್ಕೆ ಕಣ್ಣಿಗೊಂದು ಗುಳ್ಳೆ ಬಂತು, ಅಷ್ಟೇ. ಪರಿಹಾರ ಸಿಕ್ಕಿದ್ದು ರೇಷ್ಮೆ ಸಾಮಾನಿನ ಅಂಗಡಿಯಲ್ಲಿ. ಚಾಕಿ ಹುಳುವಿನ (ಎಳೆಯ ರೇಷ್ಮೆ ಹುಳುವಿನ) ಹಾಸಿಗೆ ಬದಲಿಸುವ ನೈಲಾನ್ ಬಲೆ, ಕಣ್ಣು ಸುಮಾರು ಅರ್ಧ ಸೆಂ.ಮೀ. ಒಮ್ಮೆ ಕೊಡವಿದರೆ ನೀರು ಇಳಿದುಹೋಗುತ್ತದೆ. ಹತ್ತಿಯದು ತರಬೇಡಿ, ಕುಡಿಯುತ್ತದೆ.

ಈ ಬಲೆ ಚೀನಾದಿಂದ ನೇರವಾಗಿ ಬಂತೋ, ಮಕಾವಿನಿಂದ ಪೋರ್ಚುಗೀಸರು ತಂದರೋ, ಎರಡು ಕತೆ ಇವೆ. ಕಲ್ಲಿನ ಲೆಕ್ಕ ಎರಡಕ್ಕೂ ಒಂದೇ. ಅಲ್ಲಿ ಈಗ ತೇಗದ ಜಾಗಕ್ಕೆ ಕಬ್ಬಿಣದ ಪೈಪು ಬರುತ್ತಿದೆ. ನಮ್ಮದು ಹಳೆಯ ಮರದ ಬಲೆಯೇ.

ಮುಂದಿನದು ಆಗಲೇ ತಲೆ ಹೊಕ್ಕಿದೆ: ಕೊಚ್ಚಿಯದೇ ಮಟ್ಟಾಂಚೇರಿಯಲ್ಲಿ 1568ರ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಅದರ ಗಡಿಯಾರ ಗೋಪುರ. ಹೀಬ್ರೂ, ರೋಮನ್, ಮಲಯಾಳಂ, ಒಂದೊಂದು ಮುಖಕ್ಕೆ ಒಂದೊಂದು ಅಂಕಿ. ಒಂದೇ ಯಂತ್ರದಿಂದ ಮೂರು ಮುಖದ ಮುಳ್ಳು ತಿರುಗಿಸಲು ಓರೆಹಲ್ಲಿನ ಗೇರು ಬೇಕು. ಒಳಗಿನ ನೆಲಕ್ಕೆ ಚೀನಾದ ಕ್ಯಾಂಟನ್‌ನಿಂದ ಬಂದ ನೀಲಿ-ಬಿಳಿ ಬಿಲ್ಲೆಗಳಿವೆ. ಕೈಯಲ್ಲಿ ಬರೆದವು, ಹಾಗಾಗಿ ಪ್ರಿಂಟ್ ಹಾಕಿ ಅಂಟಿಸಿದರೆ ಮೋಸ.

ಅದಕ್ಕೆ ಮೊದಲು ಇಲ್ಲಿ ಒಬ್ಬ ಮನುಷ್ಯ ಬಾಕಿ. ದೂಲದ ಮೇಲೆ ನಡೆದು ಬಲೆ ಇಳಿಸುವ 65 ಕಿಲೋ ಆಳು, ಉದ್ದ, ಅಗಲ, ಎತ್ತರ ಮೂರೂ 40 ಪಾಲು ಕುಗ್ಗಿದರೆ, ಈ ಅಳತೆಗೆ 1 ಗ್ರಾಂ. ಸದ್ಯ 4 ಗ್ರಾಂ ಇಡದೆ ದೂಲ ಅಲುಗುತ್ತಿಲ್ಲ, ಅಂದರೆ 256 ಕಿಲೋ ಮೀನುಗಾರ. ಮರದ ಅಚ್ಚು ನೀರು ಕುಡಿದು ಉಬ್ಬಿದೆ. ನಾಳೆ ಅದನ್ನು ಕಿತ್ತು, ಹಿತ್ತಾಳೆ ಕೊಳವೆಯಲ್ಲಿ 2 ಮಿ.ಮೀ. ಸೈಕಲ್ ಕಡ್ಡಿ ಕೂರಿಸುವುದು.