ಸಂತನ ಎಡಗಣ್ಣಿನ ರೆಪ್ಪೆ

ಹತ್ತಿ ಕಡ್ಡಿ ಕಪ್ಪಾಗಿ ಬಂತು. ಕೊಳೆ ಚೆನ್ನಾಗಿ ಬಿಡುತ್ತಿದೆ ಅಂತ ಖುಷಿಯಾಗಿ ಇನ್ನೊಮ್ಮೆ ಉರುಳಿಸಿದೆ. ಆಮೇಲೆ ನೋಡಿದರೆ ಸಂತನ ಎಡಗಣ್ಣಿಗೆ ರೆಪ್ಪೆಯೇ ಇಲ್ಲ.

ಬೆಂಗಳೂರು ದಂಡಿನ ಕಡೆಯ ಒಂದು ಹಳೇ ಚರ್ಚು. ಸಂತನ ಚಿತ್ರವಿರುವ ಬಣ್ಣದ ಗಾಜಿನ ಕಿಟಕಿ 1880ರ ದಶಕದ್ದು, ಇಂಗ್ಲೆಂಡಿನಿಂದ ಬಂದದ್ದು. ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿ ಸೋತು ಪ್ಯಾನೆಲ್ ಹೊಟ್ಟೆ ಬಿಟ್ಟಿತ್ತು. ಇಳಿಸಿ, ರಬ್ಬಿಂಗ್ (ಕಾಗದ ಇಟ್ಟು ಉಜ್ಜಿ ಪಟ್ಟಿಗಳ ಅಚ್ಚು) ತೆಗೆದು, ಲೈಟ್ ಟೇಬಲ್ ಮೇಲೆ ಮಲಗಿಸಿದ್ದೆವು. ಕ್ರಿಸ್‌ಮಸ್‌ಗೆ ಮೊದಲೇ ಮುಗಿಸಿ ಅಂತ ಆಫೀಸಿನಿಂದ ದಿನಕ್ಕೆ ಮೂರು ಫೋನು.

ಟೆಸ್ಟ್ ಮಾಡಿರಲಿಲ್ಲ ಅಂತಲ್ಲ. ಅಂಚಿನ ಬಳ್ಳಿ ಮೇಲೆ ಮಾಡಿದ್ದೆ, ನಿಲುವಂಗಿಯ ಮಡಿಕೆ ಮೇಲೂ ಮಾಡಿದ್ದೆ. ಬರೀ ಡಿಸ್ಟಿಲ್ಡ್ ನೀರು, ಗೆರೆ ಅಲುಗಲಿಲ್ಲ. ಫಾರ್ಮ್‌ನಲ್ಲಿ 'ಬಣ್ಣ ಗಟ್ಟಿ' ಅಂತ ಟಿಕ್ ಹಾಕಿದೆ. ಆದರೆ ಮುಖ ಬೇರೆ ಗಾಜಿನ ತುಂಡು, ಅಲ್ವಾ? ಆ ಕಾಲದಲ್ಲಿ ಕಡಿಮೆ ಬಿಸಿಗೇ ಕರಗಲಿ ಅಂತ ಬಣ್ಣಕ್ಕೆ ಬೊರಾಕ್ಸ್ ಬೆರೆಸುತ್ತಿದ್ದರು, ಅಂಥ ಬಣ್ಣ ತೇವಕ್ಕೆ ಸಡಿಲವಾಗಿ ಎದ್ದು ಬರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹೊಸ ಹುಡುಗರಿಗೆ ಪಾಠ ಹೇಳುವವಳೇ ನಾನು!

ಫ್ಯಾನ್ ಆರಿಸಿದೆ, ಯಾಕೋ ಗೊತ್ತಿಲ್ಲ. ಎದುರಿಗೆ ಕೂತ ಹುಡುಗ ಎಫ್ಎಂ ಕೇಳುತ್ತಾ ಹಳೇ ಪುಟ್ಟಿ ಕೆರೆಯುತ್ತಿದ್ದ. ಸಣ್ಣ ಕುಂಚ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಎರಡು ಗೆರೆ ಎಳೆದುಬಿಟ್ಟರೆ ಅಷ್ಟು ಕೆಳಗೆ ಬೆಂಚಿನಲ್ಲಿ ಕೂತವರಿಗೆ ಏನು ಕಾಣುತ್ತೆ? ಐದು ನಿಮಿಷವಾದರೂ ಹಾಗೇ ಕೂತಿದ್ದೆ, ಕಡ್ಡಿ ಕೈಯಲ್ಲೇ ಹಿಡಿದುಕೊಂಡು. ಆಮೇಲೆ ಸರ್‌ನ ಕರೆದೆ.

ಬೈಯಲಿಲ್ಲ. "ಫೋಟೊ ಇದೆಯಾ?" ಅಂದರು ಅಷ್ಟೇ. ಇತ್ತು, ಮೊಬೈಲ್‌ನದ್ದು, ಇಡೀ ಪ್ಯಾನೆಲ್‌ನದ್ದು. ಜೂಮ್ ಮಾಡಿದರೆ ಕಣ್ಣು ಒಂದು ಮಸಿ ಚುಕ್ಕೆ. ಫೋಟೊಗ್ರಾಫರ್ ಖರ್ಚು ಜಾಸ್ತಿಯಾಯಿತು ಅಂತ ಬಜೆಟ್‌ನಿಂದ ಕಿತ್ತುಹಾಕಿದ ಪುಣ್ಯಾತ್ಮರು ಆ ದಿನ ಸೈಟಿಗೆ ಬರಲಿಲ್ಲ, ಬಂದಿದ್ದರೆ ಜಗಳವೇ ಆಗುತ್ತಿತ್ತು.

ಟಾರ್ಚನ್ನು ಅಡ್ಡಡ್ಡ ಹಿಡಿದಾಗ ಗಾಜಿನ ಮೇಲೆ ಗೆರೆಯ ನೆರಳಿನಂಥ ಗುರುತು ಸಿಕ್ಕಿತು. ಅದನ್ನೇ ನೋಡಿಕೊಂಡು ತೆಳು ಬಿಳಿ ಗಾಜಿನ ಮೇಲೆ ರೆಪ್ಪೆ ಬರೆದು, ಬಣ್ಣ ಕೂರಲಿ ಅಂತ ಕುಲುಮೆಯಲ್ಲಿ ಸುಟ್ಟು, ಮೂಲ ಗಾಜಿನ ಹಿಂದೆ ಕೂರಿಸಿದೆವು. ಬೇಡ ಅನ್ನಿಸಿದ ದಿನ ಬಿಚ್ಚಬಹುದು. ಆ ಟಿಕ್ ಅನ್ನು ನಾನೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಹತ್ತಿ ಕಡ್ಡಿಯನ್ನು ಸರ್ ಬಿಸಾಡಲು ಬಿಡಲಿಲ್ಲ. ಜಿಪ್ ಕವರ್‌ಗೆ ಹಾಕಿ, ನಂಬರ್ ಬರೆದು, ಫೈಲಿಗೆ ಸೇರಿಸಿದ್ದೇವೆ. ಅಸಲಿ ರೆಪ್ಪೆ ಅದರಲ್ಲಿದೆ.